ಮಗಳಿಗೆ ಒರಿಷಾ (ಆಫ್ರಿಕಾ ಮೂಲದ ದೇವತೆ) ಹೆಸರು: ಇಟ್ಟವರು ಅನುಭವ ಹೇಳಿ

ಹೆಂಡತಿ ಬ್ರೆಜಿಲ್‌ನ ಸಾಲ್ವಡೋರ್‌ನವಳು, ಅವಳ ತವರು ಒರಿಷಾಗಳನ್ನ ಪೂಜಿಸುವ ಕಾಂಡೊಂಬ್ಲೆ ಧರ್ಮ ನಡೆದುಕೊಳ್ಳುವ ಮನೆ. ಹುಟ್ಟಲಿರುವವಳು ಹೆಣ್ಣು. ಕಡಲದೇವಿ ಇಯೆಮಂಜಾಳ ಹೆಸರನ್ನೇ ಇಡೋಣ ಅಂತಾಳೆ. ಶಿರಸಿಯ ಅಜ್ಜಿಯ ಬಾಯಲ್ಲೂ ಹೊರಳಬೇಕು. ಏನಂತೀರಿ?

ಕಡಲಮಗಳು:
ನೇರ ದೇವಿ ಹೆಸರು ಬೇಡ. ಅಲ್ಲಿ ಹೆಣ್ಣುಮಕ್ಕಳಿಗೆ ಇಡೋದು ಜನಾಯಿನಾ, ಇಲ್ಲವೇ ಇನಯೆ, ಎರಡೂ ಇಯೆಮಂಜಾಳ ಹೆಸರುಗಳೇ. ನಮ್ಮದು ಜನಾಯಿನಾ. ಒತ್ತು ‘ಯಿ’ ಮೇಲೆ. ಜನನ ಪತ್ರದಲ್ಲಿ ಆ ಅಕ್ಷರದ ತಲೆಗೆ ಗೀಟು ಇರುತ್ತೆ, ಪಾಸ್‌ಪೋರ್ಟಿನ ಕೆಳಗಿನ ಯಂತ್ರ ಓದುವ ಸಾಲಲ್ಲಿ ಇರಲ್ಲ. ಅಲ್ಲಿ ನಡೆಯೋದು ಇಂಗ್ಲಿಷಿನ 26 ಅಕ್ಷರ ಮಾತ್ರ. ಗೀಟು ಹೋಯ್ತೋ, ಊರವರ ಬಾಯಲ್ಲಿ ‘ಜನೈನಾ’. ಇಯಾರಾ ಅಂತ ಯಾರಾದರೂ ಸೂಚಿಸಿದರೆ ಕೇಳಬೇಡಿ, ಅದು ಬ್ರೆಜಿಲ್ ಮೂಲನಿವಾಸಿಗಳ ತುಪಿ ಭಾಷೆಯದ್ದು, ಆಫ್ರಿಕಾದ್ದಲ್ಲ.

ಎರಡು_ಚುಕ್ಕಿ:
ಮೂಲದ ಮಾತಾ? ಜನಾಯಿನಾ ಯೊರುಬಾ (ಒರಿಷಾಗಳ ಮೂಲದ ಪಶ್ಚಿಮ ಆಫ್ರಿಕಾದ ಭಾಷೆ) ಪದ ಅಂತ ಬಿಡಿಸಿ ತೋರಿಸಿ ನೋಡೋಣ. ಇಯೆಮಂಜಾ ಯೊರುಬಾದಲ್ಲಿ ಯೆಮೊಜಾ: ಯೆಯೆ, ಒಮೊ, ಎಜಾ. ಮೀನುಗಳೇ ಮಕ್ಕಳಾದ ತಾಯಿ. ನಾವು ಇಟ್ಟದ್ದು ಓಶುನ್, ಯೊರುಬಾ ಕಾಗುಣಿತದಲ್ಲೇ, ಎರಡು ಅಕ್ಷರದ ಅಡಿಗೆ ಚುಕ್ಕಿ. ಚುಕ್ಕಿ ಉದುರಿದರೆ ‘ಶ’ ಹೋಗಿ ‘ಸ’, ಮಗು ಓಸುನ್. ಪೋರ್ಚುಗೀಸಿನಂತೆ ‘ಎಕ್ಸ್’ ಹಾಕಿ ಬರೆದರೆ ಇಂಗ್ಲಿಷ್ ಓದಿದವರು ‘ಆಕ್ಸಮ್’ ಅಂತಾರೆ. ಕ್ಯೂಬಾದವರು ‘ಸಿಎಚ್’ ಹಾಕ್ತಾರೆ, ಅದನ್ನ ನಮ್ಮವರು ‘ಓಚುನ್’ ಅಂತ ಓದ್ತಾರೆ. ಒಂದೇ ನದಿದೇವಿ, ಮೂರು ಪಾಡು.

ಬ್ರೆಜಿಲ್‌ನಲ್ಲಿ ನೋಂದಣಿ ಮಾಡಿ 15 ದಿನದೊಳಗೆ ತಂದೆ ಅಥವಾ ತಾಯಿ ಕಾರಣ ಕೊಟ್ಟು ಹೆಸರಿಗೆ ಆಕ್ಷೇಪ ಹಾಕಬಹುದು. ಇಬ್ಬರೂ ಒಪ್ಪಿದರೆ ಕಾರ್ಟೋರಿಯೊ ಅನ್ನೋ ನೋಂದಣಿ ಕಚೇರಿಯಲ್ಲೇ ತಿದ್ದುಪಡಿ, ಒಪ್ಪದಿದ್ದರೆ ನ್ಯಾಯಾಧೀಶರ ಹತ್ತಿರ. ಇದು 2022ರ 14.382ನೇ ಕಾನೂನು. ಹದಿನೆಂಟಾದ ಮೇಲೆ ಮಗಳೇ ಕಾರಣ ಹೇಳದೆ ಬದಲಿಸಿಕೊಳ್ಳಬಹುದು, ಕಾರ್ಟೋರಿಯೊದಲ್ಲಿ ಒಂದೇ ಸಲ. ಮೊದಲ ಜನನ ಪತ್ರ ಪುಕ್ಕಟೆ. ಬದಲಾವಣೆ ಪುಕ್ಕಟೆ ಅಲ್ಲ: ಗುರುತಿನ ಚೀಟಿ, ಸಿಪಿಎಫ್ (ತೆರಿಗೆ ಗುರುತಿನ ಸಂಖ್ಯೆ), ಪಾಸ್‌ಪೋರ್ಟ್ ಕಚೇರಿಗಳಿಗೆ ತಿಳಿಸುವ ಖರ್ಚೂ ಅರ್ಜಿದಾರರ ತಲೆಗೇ.

ಹದಿನಾರು_ಕವಡೆ:
ಇಬ್ಬರೂ ಬುಡ ಬಿಟ್ಟು ಕೊಂಬೆ ಹಿಡಿದಿದ್ದೀರಿ. ಮಗುವಿನ ತಲೆ ಯಾವ ಒರಿಷಾದ್ದು, ಅಂದರೆ ಅವಳನ್ನ ಕಾಯುವ ದೇವತೆ ಯಾರು ಅಂತ ಕವಡೆ ಹಾಕಿ ಹೇಳಬೇಕಾದವರು ಕಾಂಡೊಂಬ್ಲೆಯ ಅರ್ಚಕಿ, ಗುಡಿಯಾದ ತೆರ‍್ರೇರೊದ ಅಮ್ಮ. ಇಯೆಮಂಜಾ ಅಂತ ಬರೆಸಿದ ಮೇಲೆ ತಲೆ ಗಾಳಿದೇವಿ ಇಯಾನ್ಸಾಳದ್ದು ಅಂತ ಬಂದರೆ? ದೀಕ್ಷೆಯ ಹೆಸರು ಒರುಂಕೋ. ಒರಿಷಾ ಮೈಮೇಲೆ ಬಂದಾಗ ಎಲ್ಲರೆದುರು ಕೂಗಿ ಹೇಳೋದು. ಕಾರ್ಟೋರಿಯೊಗೂ ಅದಕ್ಕೂ ಸಂಬಂಧ ಇಲ್ಲ.

ಕಡಲಮಗಳು:
ಚರ್ಚಿಗೆ ಹೋಗೋರ ಮನೇಲೂ ಜನಾಯಿನಾ ಇದ್ದಾರೆ. ಅವರೆಲ್ಲ ಕವಡೆ ಹಾಕಿಸಿದ್ರಾ? ಹೆದರಿಸಬೇಡಿ.

ಹದಿನಾರು_ಕವಡೆ:
ಅವರದ್ದು ಕಾಂಡೊಂಬ್ಲೆ ಮನೆ ಅಂತ ಮೊದಲ ಸಾಲಲ್ಲೇ ಬರೆದಿದ್ದಾರೆ. ಓದಿ.

ಇಬೇಜಿ:
ನಮ್ಮವು ಅವಳಿ: ತಾಯಿವೊ, ಕೆಹಿಂದೆ. ಮೊದಲು ಹೊರಬಂದವಳು ತಾಯಿವೊ, ಆದರೆ ಯೊರುಬಾ ನಂಬಿಕೆಯಲ್ಲಿ ಹಿರಿಯಳು ಕೆಹಿಂದೆ. ಲೋಕ ಹೇಗಿದೆ ನೋಡಿ ಬಾ ಅಂತ ತಂಗಿಯನ್ನ ಮುಂದೆ ಕಳಿಸಿದವಳು. ಅವಳಿಗಳ ಬೆನ್ನಿಗೆ ಹುಟ್ಟಿದ ಮಗುವಿಗೆ ಹೆಸರು ಇದೋವು.

ಎರಡು_ಚುಕ್ಕಿ:
ಕೇಳಿದವರಿಗೆ ಒಂದೇ ಮಗು. ಮತ್ತೆ ಆಸ್ಪತ್ರೆಯ ಕಾಗದದಲ್ಲಿ ಮೊದಲು ಹುಟ್ಟಿದ್ದೇ ಹಿರಿದು.

ಇಬೇಜಿ:
ಆಸ್ಪತ್ರೆ ಗಂಟೆ ಬರೆಯುತ್ತೆ, ಅಕ್ಕ ಯಾರು ಅಂತ ಬರೆಯಲ್ಲ. ಯೊರುಬಾ ಚುಕ್ಕಿಗೆ ಅಷ್ಟು ಹಟ ಹಿಡಿದವರು ಯೊರುಬಾ ಲೆಕ್ಕಕ್ಕೂ ನಿಲ್ಲಿ.