ಹಳೇ ವಿಮಾನದ ರೆಕ್ಕೆ ಮತ್ತು ಆಸರೆ: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹಳೇ ವಿಮಾನಗಳ ಕಪ್ಪುಬಿಳುಪು ಫೋಟೋಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ. ಬಹಳಷ್ಟು ಫೋಟೋಗಳ ಹಿಂದೆ ಹೆಸರೂ ಇಲ್ಲ, ಇಸವಿಯೂ ಇಲ್ಲ. ಅಂಥ ಕಡೆ ಮೊದಲು ಕಣ್ಣು ಹಾಯಿಸುವುದು ರೆಕ್ಕೆಯ ಮೇಲೆ. ಒಡಲಿಗೆ ಎಲ್ಲಿ ಕೂಡಿಕೊಂಡಿದೆ? ಆಸರೆಗೆ ಏನಿದೆ? ಪದದ ತೊಡಕೂ ಅಲ್ಲೇ ಶುರು.

ಟೈಗರ್ ಮಾತ್ ಅನ್ನುವ ಹಳೇ ತರಬೇತಿ ವಿಮಾನ ತಗೊಳ್ಳಿ. ಒಂದರ ಮೇಲೊಂದು ರೆಕ್ಕೆ. ಸುಮ್ನೆ ‘ಎರಡು ರೆಕ್ಕೆಯ ವಿಮಾನ’ ಅಂದುಬಿಡುತ್ತೇವೆ. ಎಡಕ್ಕೊಂದು ಬಲಕ್ಕೊಂದು ಅಂತ ಎಣಿಸಿದರೆ ಈಗಿನ ವಿಮಾನಕ್ಕೂ ಎರಡೇ ಅಲ್ವಾ? ‘ಜೋಡಿರೆಕ್ಕೆ’ ಅಂದರೂ ಗೊಂದಲ ಹೋಗುವುದಿಲ್ಲ. ನನಗೆ ಹಿಡಿಸಿದ್ದು ‘ಅಟ್ಟರೆಕ್ಕೆ’. ಮನೆಯಲ್ಲಿ ಅಟ್ಟ ಇದ್ದವರಿಗೆ ಬಿಡಿಸಿ ಹೇಳುವುದೇ ಬೇಡ.

ಇನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಹುಟ್ಟಿದ ಎರಡು ವಿಮಾನ. 1951ರಲ್ಲಿ ಮೊದಲು ಹಾರಿದ ಎಚ್‌ಟಿ-2ಕ್ಕೆ ರೆಕ್ಕೆ ಒಡಲಿನ ತಳದಲ್ಲಿದೆ. ವಿ. ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ರೂಪುಗೊಂಡ ತರಬೇತಿ ವಿಮಾನ ಅದು. 1958ರ ಪುಷ್ಪಕ್‌ಗೆ ರೆಕ್ಕೆ ಕೂರುವವರ ತಲೆಯ ಮೇಲಿದೆ. ಇವನ್ನು ‘ಕೆಳರೆಕ್ಕೆ’, ‘ಮೇಲ್ರೆಕ್ಕೆ’ ಅನ್ನೋಣ ಎಂದರೆ ಟೈಗರ್ ಮಾತ್‌ನ ಮೇಲಿನ ರೆಕ್ಕೆ, ಕೆಳಗಿನ ರೆಕ್ಕೆಗಳ ಜೊತೆ ಕಲಸಿಹೋಗುತ್ತದೆ. ಅದಕ್ಕೇ ಎಚ್‌ಟಿ-2ಕ್ಕೆ ‘ಅಡಿರೆಕ್ಕೆ’, ಪುಷ್ಪಕ್‌ಗೆ ‘ನೆತ್ತಿರೆಕ್ಕೆ’ ಅಂತ ಬಳಸುತ್ತಿದ್ದೇನೆ. ಕಿವಿಗೆ ಒಗ್ಗುತ್ತದಾ, ಹೇಳಿ.

ಮೂತಿಯ ವಿಷಯದಲ್ಲಿ ಅಷ್ಟು ಕಷ್ಟವಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಎಚ್‌ಎಎಲ್‌ನಲ್ಲೇ ಜೋಡಿಸಿದ ಹಾರ್ಲೋ ವಿಮಾನ ಕೂಡ ಅಡಿರೆಕ್ಕೆಯದೇ. ಆದರೆ ಅದರ ಎಂಜಿನ್‌ನ ಸಿಲಿಂಡರ್‌ಗಳು ನಡುವಿನ ಸುತ್ತ ಹರಡಿರುವುದರಿಂದ ಮೂತಿ ದುಂಡಗೆ. ಎಚ್‌ಟಿ-2ರಲ್ಲಿ ಸಿಲಿಂಡರ್‌ಗಳು ಒಂದರ ಹಿಂದೊಂದು, ಮೂತಿ ತೆಳ್ಳಗೆ. ‘ಸುತ್ತು ಎಂಜಿನ್’, ‘ಸಾಲು ಎಂಜಿನ್’ ಸಾಕು ಅನ್ನಿಸುತ್ತದೆ.

ನಿಜವಾಗಿ ತಲೆ ಕೆಡಿಸಿರುವುದು ಆಸರೆಯ ಕೋಲು. ಪುಷ್ಪಕ್‌ನ ಒಡಲಿನ ಕೆಳಭಾಗದಿಂದ ರೆಕ್ಕೆಗೆ ಓರೆಯಾಗಿ ಹೋಗಿದೆಯಲ್ಲ, ಅದು. ಚಕ್ರದ ಕಾಲುಗಳಿಗೂ ಇಂಥ ಕೋಲುಗಳಿರುತ್ತವೆ. ಕೋಲು ಎಲ್ಲಿಂದ ಎಲ್ಲಿಗೆ ಹೋಗಿದೆ ಅನ್ನುವುದರ ಮೇಲೇ ಎಷ್ಟೋ ಸಲ ವಿಮಾನದ ಗುರುತು ನಿಂತಿರುತ್ತದೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ತಂದದ್ದು ಪುಸ್ ಮಾತ್ ಅನ್ನುವ ಪುಟ್ಟ ವಿಮಾನದಲ್ಲಿ. ಮರುವರ್ಷ ಬಂದ ಲೆಪರ್ಡ್ ಮಾತ್ ನೋಡಲು ಅದರ ತಮ್ಮನಂತೆಯೇ ಇದೆ. ಎರಡೂ ನೆತ್ತಿರೆಕ್ಕೆ, ಎರಡಕ್ಕೂ ಮುಚ್ಚಿದ ಕೋಣೆ. ಲೆಪರ್ಡ್‌ನ ರೆಕ್ಕೆ ತುದಿಗೆ ಹೋಗ್ತಾ ಹೋಗ್ತಾ ಕಿರಿದಾಗುತ್ತದೆ. ಆದರೆ ಪಕ್ಕದಿಂದ ತೆಗೆದ ಫೋಟೋದಲ್ಲಿ ಅದು ಕಾಣುವುದೇ ಇಲ್ಲ. ಆಗ ಚಕ್ರದಿಂದ ಮೇಲೇಳುವ ಕೋಲನ್ನೇ ನೋಡಬೇಕು. ಪುಸ್ ಮಾತ್‌ನಲ್ಲಿ ಅದು ರೆಕ್ಕೆಯ ಬುಡದತ್ತ ಉದ್ದಕ್ಕೆ ಏರುತ್ತದೆ. ಲೆಪರ್ಡ್‌ನಲ್ಲಿ ಮುಂದಕ್ಕೆ, ಎಂಜಿನ್ ಕಡೆಗೆ ಹೋಗುತ್ತದೆ.

ಇಷ್ಟು ಮುಖ್ಯವಾದ ಭಾಗಕ್ಕೆ ಬರೀ ‘ಕೋಲು’ ಅಂದರೆ ಸಾಲದು. ‘ಊರುಗೋಲು’ ಅಂದರೆ ಅಜ್ಜನ ಕೈಯದೇ ನೆನಪಾಗುತ್ತದೆ. ‘ಆಧಾರಸ್ತಂಭ’ ಗುಡಿಯ ಕಂಬದ ಹಾಗೆ ಭಾರ. ‘ಆನುಗೋಲು’ ಪರವಾಗಿಲ್ಲ, ಆದರೆ ಬಳಕೆಯಲ್ಲಿ ಜಾಸ್ತಿ ಕೇಳಿಲ್ಲ.

ಗೋಡೆಯಿಂದ ಸೂರಿಗೆ ಓರೆಯಾಗಿ ಕೊಡುವ ಮರಕ್ಕೆ ನಿಮ್ಮ ಕಡೆ ಬಡಗಿಗಳು ಏನನ್ನುತ್ತಾರೆ? ಮಲೆನಾಡು, ಕರಾವಳಿ, ಬಯಲುಸೀಮೆ, ಎಲ್ಲಿಯದಾದರೂ ಸರಿ. ಯಾವ ಊರಿನ ಮಾತು, ಯಾರ ಬಾಯಲ್ಲಿ ಕೇಳಿದ್ದು ಅಂತಲೂ ಜೊತೆಗೆ ಬರೆದರೆ ಅನುಕೂಲ.