ಮುತ್ತಜ್ಜನ ಬೆಲ್ಟಿನ ಬಕಲ್ ಮೇಲೆ ಏನಿದೆ? ದಯವಿಟ್ಟು ನೋಡಿ ಹೇಳಿ

ಹುಬ್ಬಳ್ಳಿ_ಮೊಮ್ಮಗ:
ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ, ಸಾಕಾಗಿ ಹೋಗಿದೆ. ಫೋಟೋ ಹಾಕಿದ್ದೇನೆ. ಕುರ್ಚಿಯಲ್ಲಿ ಕೂತವರು ನಮ್ಮ ಮುತ್ತಜ್ಜ. ದಂಡಿನಲ್ಲಿದ್ದರು ಅಂತ ಮನೆಯಲ್ಲಿ ಹೇಳುತ್ತಾರೆ. ಪಕ್ಕದಲ್ಲಿ ನಿಂತ ಹುಡುಗ ಯಾರೋ ಗೊತ್ತಿಲ್ಲ. ಗೊತ್ತಿದ್ದರೆ ನಮ್ಮ ಅಜ್ಜಿಗೆ ಗೊತ್ತಿರಬೇಕು, ಅವರಿಗೀಗ 91. ಯಾವ ದಳ, ಯಾವ ವರ್ಷ?

ಪದಕಪ್ರಿಯ:
ಬಕಲ್ ಮೇಲೆ ಎರಡು ತಲೆಯ ಹಕ್ಕಿ ಕಾಣ್ತಿದೆ. ಗಂಡಭೇರುಂಡವೇ. ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಅರಸರ ಕುದುರೆ ದಳ! ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ, ಹೋಗಿ ನೋಡಿ.

ಹಳೇಪಟ:
ಕೋಟಿನ ಕೆಳಗೆ ಪಂಚೆ ಇದೆಯಲ್ಲ ಸರ್. ಕುದುರೆ ಸವಾರ ಪಂಚೆ ಉಟ್ಟು ಕೂರ್ತಾನಾ?

ಪದಕಪ್ರಿಯ:
ರಜೆಗೆ ಊರಿಗೆ ಬಂದಿರಬಹುದು. ಹಕ್ಕಿ ಸುಳ್ಳು ಹೇಳಲ್ಲ.

ಸ್ಕ್ಯಾನ್_ಶಿರಸಿ:
ಮೊಬೈಲಲ್ಲಿ ತೆಗೆದಿದ್ದೀರಾ? ಅದಕ್ಕೇ ಈ ಗೊಂದಲ. ನಾನು ಎಪ್ಸನ್ ವಿ600 ಸ್ಕ್ಯಾನರ್‌ನಲ್ಲಿ 1200 ಡಿಪಿಐ (ಇಂಚಿಗೆ ಅಷ್ಟು ಚುಕ್ಕಿ) ಇಟ್ಟು ಮನೆಯ 340 ಫೋಟೋ ಮುಗಿಸಿದೆ. ಒಂದೊಂದು ಎಳೆ ಕಾಣುತ್ತೆ.

ಹಳೇಪಟ:
ಅಷ್ಟು ಯಾಕೆ, ಪ್ರಿಂಟಿಗೆ 600 ಸಾಕು.

ಸ್ಕ್ಯಾನ್_ಶಿರಸಿ:
ಬಕಲ್ ಓದೋಕೆ ಸಾಲಲ್ಲ. ನೀವು ಒಮ್ಮೆ ಮಾಡಿ ನೋಡಿ.

ಕಾಜಾ_ಗುಂಡಿ:
ನಮ್ಮದು ದರ್ಜಿ ಮನೆತನ, ಕಣ್ಣು ಮೊದಲು ಕೋಟಿಗೇ ಹೋಯಿತು. ಗುಂಡಿ ಇದೆ, ಒಂದಕ್ಕೂ ಕಾಜಾ ಇಲ್ಲ. ಆಪ್‌ನಲ್ಲಿ ಹಾಕಿ ಸ್ಪಷ್ಟ ಮಾಡಿದ್ದೀರಾ?

ಹುಬ್ಬಳ್ಳಿ_ಮೊಮ್ಮಗ:
ಹೌದು ಮೇಡಂ, ಮಾಸಿತ್ತಲ್ವಾ. ಎಲ್ಲರೂ ಹಾಗೇ ಮಾಡ್ತಾರಲ್ಲ ಅಂತ ಹೇಳಲಿಲ್ಲ.

ಕಾಜಾ_ಗುಂಡಿ:
ಆಪ್ ಮಸುಕಾದ ಕಡೆ ತನಗೆ ತೋಚಿದ್ದನ್ನು ತುಂಬಿಬಿಡುತ್ತೆ. ಮುಖವನ್ನೂ ಬದಲಿಸುತ್ತೆ. ಮೂಲ ಫೋಟೋ ಹಾಕಿ.

ಹುಬ್ಬಳ್ಳಿ_ಮೊಮ್ಮಗ:
ಹಾಕಿದ್ದೇನೆ. ಕಿಟಕಿ ಬೆಳಕಿನಲ್ಲಿ, ಗಾಜಿನ ಮೇಲಿಂದಲೇ ತೆಗೆದದ್ದು.

ಹಳೇಪಟ:
ಹಕ್ಕಿ ಇಲ್ಲವೇ ಇಲ್ಲ. ಎಂ, ಎಸ್, ಎಂ ಅಕ್ಷರ ಇವೆ, ಕೊನೆಯದು ಆರ್. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ! ಎರಡು ಕಂಪನಿ ಸೇರಿ ಇದು ಹುಟ್ಟಿದ್ದೇ 1908ರಲ್ಲಿ. 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿತು. ಹಾಗಾಗಿ ಫೋಟೋ 1908ಕ್ಕಿಂತ ಹಿಂದಿನದಲ್ಲ. ಹುಬ್ಬಳ್ಳಿಯ ವರ್ಕ್‌ಶಾಪ್ ಕೂಡ ಇವರದೇ ಆಗಿತ್ತು.

ಪದಕಪ್ರಿಯ:
ಒಪ್ಪಿದೆ. ಆದರೂ ಯುದ್ಧಕ್ಕೆ ರೈಲ್ವೆಯವರನ್ನೂ ಕಳಿಸಿದ್ದರು, ಆ ದಾರಿ ಮುಚ್ಚಬೇಡಿ.

ಹುಬ್ಬಳ್ಳಿ_ಮೊಮ್ಮಗ:
ಕೈ ನಡುಗ್ತಿದೆ. ಅಜ್ಜಿಗೆ ಓದಿ ಹೇಳಿದೆ. "ದೀಪದ ಎಣ್ಣೆ ವಾಸನೆ ಬರ್ತಿತ್ತು ಅಪ್ಪನ ಕೋಟಿಗೆ" ಅಂದರು. ಹುಡುಗನ ಬಗ್ಗೆ ಏನೂ ಅನ್ನಲಿಲ್ಲ. ಭಾನುವಾರ ಚೌಕಟ್ಟು ಬಿಚ್ಚಿ ಹಿಂದೆ ಏನಾದರೂ ಬರೆದಿದೆಯಾ ನೋಡ್ತೇನೆ.

ಕಾಜಾ_ಗುಂಡಿ:
ನಿಲ್ಲಿ! ಫೋಟೋ ಗಾಜಿಗೆ ಅಂಟಿದ್ದರೆ ಎಳೆಯಲೇಬೇಡಿ, ಮುಖ ಗಾಜಿನ ಮೇಲೇ ಉಳಿದುಬಿಡುತ್ತೆ. ಹಿಂದಿನ ರಟ್ಟು ಮಾತ್ರ ಮೆಲ್ಲಗೆ ತೆಗೆಯಿರಿ. ನೀರು ತಾಗಿಸಬೇಡಿ.