ಏಜ್ ಆಫ್ ಎಂಪೈರ್ಸ್ 4 ಮುಗಿಸಿದೆ, ಆದ್ರೆ ಬಾಣ ತಪ್ಪಿಸ್ಕೊಳ್ಳೋ ಮಜಾ ಎಲ್ಲಿ ಹೋಯ್ತು?

ತುಂಗೆದಡದವ

ಏಜ್ 2 (ಏಜ್ ಆಫ್ ಎಂಪೈರ್ಸ್ 2, ಊರು ಕಟ್ಟಿ ಸೈನ್ಯ ಬೆಳೆಸಿ ಯುದ್ಧ ಮಾಡೋ ಕಂಪ್ಯೂಟರ್ ಆಟ) ಆಡ್ಕೊಂಡು ಬೆಳೆದವರು ಇಲ್ಲಿ ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಹಿಂಗೆ ಅನ್ಸ್ತಿರೋದು ನನಗೊಬ್ಬನಿಗೇನಾ ಅಂತ ಗೊತ್ತಾಗ್ಬೇಕು.

ನಾನು ಏಜ್ 2 ಶುರು ಮಾಡಿದ್ದು 2002ರಲ್ಲಿ, ಶಿವಮೊಗ್ಗದಲ್ಲಿ ನಮ್ಮನೆ ಹಿಂದಿನ ರಸ್ತೇಲಿದ್ದ ಸೈಬರ್‌ನಲ್ಲಿ. ಗಂಟೆಗೆ ಇಪ್ಪತ್ತು ರೂಪಾಯಿ, ಇಬ್ಬರ ಹತ್ರ ಸೇರಿ ಅಷ್ಟೇ ಇರ್ತಿತ್ತು, ಅದಕ್ಕೆ ನಾನೂ ನಮ್ಮಣ್ಣನೂ ಒಂದೇ ಕಂಪ್ಯೂಟರ್ ಮುಂದೆ ಕೂತ್ಕೊಂಡು ಅವನ ಕೈಲಿ ಮೌಸು, ನನ್ನ ಕೈಲಿ ಕೀಬೋರ್ಡು. ಅವನು "ಎಚ್" ಅಂದ್ರೆ ನಾನು ಎಚ್ ಒತ್ಬೇಕು, ಟೌನ್ ಸೆಂಟರ್ (ಊರಿನ ಮುಖ್ಯ ಕಟ್ಟಡ) ಬರುತ್ತೆ, "ಸಿ" ಅಂದ್ರೆ ವಿಲೇಜರ್, ಅಂದ್ರೆ ಊರಿನ ಕೆಲಸದಾಳು. ಎರಡು ವರ್ಷ ಹಿಂಗೇ ಆಡಿದ್ವಿ. ಆ ಆಟ ಅಂದ್ರೆ ನನಗೆ ಅಣ್ಣನ ದನಿ.

ಏಜ್ 4 ಬಂದಿದ್ದು 2021ರ ಅಕ್ಟೋಬರ್‌ನಲ್ಲಿ, ಆಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡ್ತಿರ್ಲಿಲ್ಲ. ಈಗ ಹೊಸದು ತಗೊಂಡ್ಮೇಲೆ ಸೇಲ್‌ನಲ್ಲಿ ಕೊಂಡ್ಕೊಂಡು ನಾಲ್ಕೂ ಕ್ಯಾಂಪೇನ್ (ಕಥೆ ಹೇಳೋ ಮಿಷನ್‌ಗಳ ಸರಣಿ) ಮುಗಿಸಿದೆ. ಮೊದ್ಲು ಒಳ್ಳೇದು ಹೇಳ್ತೀನಿ. ಮಿಷನ್ ಮಧ್ಯೆ ಬರೋ ವೀಡಿಯೋಗಳು ಅದ್ಭುತ, ಈಗಿನ ಇಂಗ್ಲೆಂಡಿನ ಹಸಿರು ಮೈದಾನ ತೋರಿಸ್ತಾ ಅದರ ಮೇಲೆ ಚಿನ್ನದ ಗೆರೇಲಿ 1066ರ ಸೈನಿಕರು ಮೂಡಿ ಬರ್ತಾರೆ, ಹೇಸ್ಟಿಂಗ್ಸ್ ಯುದ್ಧ ಆಗಿದ್ದ ಜಾಗ ಅದು, ಮೈ ಜುಮ್ ಅಂತು. ಮಂಗೋಲರನ್ನ ಆಡುವಾಗ ಇಡೀ ಊರನ್ನೇ ಗಾಡಿಗೆ ಹೇರ್ಕೊಂಡು ಬೇರೆ ಕಡೆ ಹೋಗ್ಬಹುದು, ಮನೆ ಕಟ್ಟೋ ತಲೆನೋವೇ ಇಲ್ಲ. ಇಂಗ್ಲಿಷ್ ವಿಲೇಜರ್‌ಗಳ ಮಾತು ಏಜಿಂದ ಏಜಿಗೆ (ಆಟದಲ್ಲಿ ದಾಟೋ ಒಂದೊಂದು ಹಂತ) ಬದಲಾಗ್ತಾ ಹೋಗುತ್ತೆ, ಹಳೇ ಇಂಗ್ಲಿಷಿಂದ ಶುರುವಾಗಿ. ಇಷ್ಟು ಪ್ರೀತಿಯಿಂದ ಮಾಡಿದಾರೆ.

ಆದ್ರೆ ಬಾಣ! ಏಜ್ 2ರಲ್ಲಿ ಬಾಣ ಬಿಟ್ರೆ ಅದು ನೀವು ಆಗ ನಿಂತಿದ್ದ ಜಾಗಕ್ಕೆ ಬೀಳುತ್ತೆ, ನೀವು ಅಷ್ಟರಲ್ಲಿ ಸರಿದ್ರೆ ಬಚಾವ್. ಎದುರಾಳಿ ಯೂನಿವರ್ಸಿಟಿ ಕಟ್ಟಿ ಬ್ಯಾಲಿಸ್ಟಿಕ್ಸ್ (ಓಡೋರಿಗೂ ಗುರಿ ಸಿಗೋ ಹಂಗೆ ಮಾಡೋ ಟೆಕ್ನಾಲಜಿ) ಮಾಡೋ ತನಕ ಹಂಗೇ. ನಮ್ಮಣ್ಣ ಒಂದೇ ಒಂದು ಸ್ಕೌಟ್ ಕುದುರೆ ಇಟ್ಕೊಂಡು ಆರು ಜನ ಆರ್ಚರ್‌ಗಳ ಮುಂದೆ ಎಡಕ್ಕೆ ಬಲಕ್ಕೆ ಎಡಕ್ಕೆ ಅಂತ ಓಡಿಸ್ತಿದ್ದ, ಬಾಣ ಎಲ್ಲಾ ಹಿಂದೆ ಮಣ್ಣಿಗೆ ಚುಚ್ಕೊಳ್ತಿತ್ತು, ಸೈಬರ್ ಹುಡುಗ್ರೆಲ್ಲಾ ಎದ್ದು ಬಂದು ನಮ್ಮ ಹಿಂದೆ ನಿಂತು ನೋಡೋರು. ಏಜ್ 4ರಲ್ಲಿ ನಾನು ಮೊದಲ ದಿನವೇ ಅದನ್ನ ಮಾಡೋಕೆ ಹೋದೆ, ಬಾಣ ಕುದುರೆ ಜೊತೆ ತಿರುಗಿ ಬಂದು ಹೊಡೀತು. ನಾನು ಹಂಗೇ ಮೌಸ್ ಬಿಟ್ಟು ಕೂತ್ಬಿಟ್ಟೆ. ಕಾಡುಹಂದೀನೂ ಅಷ್ಟೇ, ಏಜ್ 2ರಲ್ಲಿ ಒಬ್ಬ ವಿಲೇಜರ್ ಒಂದು ಬಾಣ ಬಿಟ್ಟು ಟೌನ್ ಸೆಂಟರ್ ಕಡೆ ಓಡಿ ಬರೋದು, ಎಲ್ಲರೂ ಸೇರಿ ಹಂದೀನ ಬೀಳಿಸೋದು, ಎರಡು ಸೆಕೆಂಡ್ ಹೆಚ್ಚುಕಮ್ಮಿ ಆದ್ರೆ ಮನುಷ್ಯ ಹೋದ. ಆ ಎದೆಬಡಿತ ಇಲ್ಲಿ ಸಿಗ್ಲಿಲ್ಲ.

ಇನ್ನೊಂದು, ಏಜ್ 2ರ ಜೋನ್ ಆಫ್ ಆರ್ಕ್ ಕ್ಯಾಂಪೇನ್‌ನಲ್ಲಿ ಅವಳ ಜೊತೆಗಿದ್ದ ಒಬ್ಬ ಸೈನಿಕ ಕಥೆ ಹೇಳ್ತಾನೆ, ಕೊನೇ ಮಿಷನ್‌ಗೆ ಬಂದಾಗ ಜೋನ್ ಇರಲ್ಲ, ಅವಳಿಲ್ದೇ ಯುದ್ಧ ಮಾಡ್ಬೇಕು. ಹದಿಮೂರು ವರ್ಷದ ನಾನು ಅವತ್ತು ರಾತ್ರಿ ಊಟ ಮಾಡಿರ್ಲಿಲ್ಲ. ಏಜ್ 4 ಅದೇ ಇಂಗ್ಲೆಂಡ್-ಫ್ರಾನ್ಸ್ ನಡುವಿನ ನೂರು ವರ್ಷದ ಯುದ್ಧನ ಡಾಕ್ಯುಮೆಂಟರಿ ಥರ ಹೇಳುತ್ತೆ. ತುಂಬಾ ಕಲ್ತೆ, ಆದ್ರೆ ಅಳು ಬರ್ಲಿಲ್ಲ.

ಆಟ ಕೆಟ್ಟದು ಅಂತ ಖಂಡಿತಾ ಹೇಳ್ತಿಲ್ಲ. ಬಿಡೋಕೆ ಮನಸ್ಸಿಲ್ಲ, ಅದಕ್ಕೇ ಕೇಳ್ತಿರೋದು. ಯಾವ ಸಿವಿಲೈಸೇಷನ್ (ಆಡೋಕೆ ಆರಿಸ್ಕೊಳ್ಳೋ ಜನ, ರಾಜ್ಯ) ಹಿಡಿದ್ರೆ, ಹೆಂಗೆ ಆಡಿದ್ರೆ ಇದು ನಮ್ಮ ಆಟ ಅನ್ಸುತ್ತೆ?

ಹುಬ್ಬಳ್ಳಿ ಮಂದಿ

ಅಣ್ಣಾರ, ನಾನೂ ಮೊದಲ ತಿಂಗಳು ಹಿಂಗ ಒದ್ದಾಡೇನ್ರಿ. ಬಾಣದ ವಿಷಯ ನೀವು ಹೇಳಿದ್ದು ಖರೇ ಐತಿ, ಅದು ವಾಪಸ್ ಬರಂಗಿಲ್ಲ. ಆದ್ರ ಅಲ್ಲಿ ಕೈಚಳಕ ಇತ್ತು, ಇಲ್ಲಿ ಜಾಗಾ ನೋಡಿ ಹೊಡ್ಯೂದು ಐತಿ. ಕಾಡಿನೊಳಗ ಸೈನ್ಯಾ ಅಡಗಿಸಿ ಇಟ್ರ ಎದುರಿನವ್ಗ ಕಾಣಂಗಿಲ್ಲ, ಗೊತ್ತೈತಿಲ್ರಿ? ಮೊನ್ನೆ ಒಬ್ಬಾಂವ ಫ್ರೆಂಚ್ ತಗೊಂಡು ಫ್ಯೂಡಲ್ ಏಜಿಗೇ, ಅಂದ್ರ ಎರಡನೇ ಹಂತಕ್ಕ, ರಾಯಲ್ ನೈಟ್ ಕುದರಿ ತಂದ, ನನ್ನ ವಿಲೇಜರ್ ಮ್ಯಾಲೆ ಬೀಳಾಕ ಹೊಂಟಿದ್ದ. ನಾ ಹನ್ನೆರಡು ಮಂದಿ ಸ್ಪಿಯರ್‌ಮನ್ (ಈಟಿ ಹಿಡದವ್ರು) ದಾರಿಬದಿ ಕಾಡಿನ್ಯಾಗ ಕುಂದ್ರಿಸಿದ್ದೆ. ಕುದರಿ ಒಳಗ ಬಂದ್ವು, ಒಂದೂ ಹೊಳ್ಳಿ ಹೋಗಲಿಲ್ಲ. ಆವಾಗ ನಂಗೂ ಎದಿ ಡಬ್ ಡಬ್ ಅಂತಿತ್ತು.

ಸಿವಿಲೈಸೇಷನ್ ಅಂದ್ರ ದಿಲ್ಲಿ ಸುಲ್ತಾನೇಟ್ ಹಿಡೀರಿ. ಬ್ಯಾರೇಯವ್ರು ಟೆಕ್ನಾಲಜಿಗೆ ಆಹಾರ, ಬಂಗಾರ ಖರ್ಚು ಮಾಡ್ತಾರ, ಇವ್ರಿಗೆ ಎಲ್ಲಾ ಫುಕಟ್, ಆದ್ರ ಟೈಮ್ ಭಾಳ ಹಿಡೀತೈತಿ. ಮಸೀದಿಯೊಳಗ ಸ್ಕಾಲರ್‌ನ (ದಿಲ್ಲಿಯವ್ರ ಪಂಡಿತ) ಕುಂದ್ರಿಸಿದಷ್ಟೂ ಜಲ್ದಿ ಆಗ್ತೈತಿ. ಸ್ಕಾಲರ್ ಒಳಗಿದ್ರ ಓದು ಮುಂದ ಹೋಗ್ತೈತಿ, ಹೊರಗ ಕಳಿಸಿದ್ರ ಸೇಕ್ರೆಡ್ ಸೈಟ್ (ನಕ್ಷೆ ಮ್ಯಾಲಿನ ಪವಿತ್ರ ಜಾಗಾ) ಹಿಡಿದು ಬಂಗಾರ ತರ್ತಾನ, ಅದೂ ಉಳಿದವರಕ್ಕಿಂತ ಮೊದ್ಲ, ಫ್ಯೂಡಲ್ ಏಜಿಗೇ. ಯಾರ್ನ ಒಳಗಿಡೂದು ಯಾರ್ನ ಹೊರಗ ಕಳಸೂದು ಅನ್ನೂದ್ರಾಗ ಇಡೀ ಆಟ ಐತಿ. ಮೂರನೇ ಹಂತ ಕ್ಯಾಸಲ್ ಏಜಿಗೆ ಬಂದ್ರ ಆನಿ ಬರ್ತಾವ. ಆನಿ ಒಂದ್ಸಲ ಕೋಟಿ ಗ್ವಾಡಿ ಕಡೆ ನಡದ್ರ ನೋಡ್ರಿ, ಮತ್ತ ಏನೂ ಬ್ಯಾಡ ಅನಸ್ತೈತಿ.

ಗೌಡ್ರ ಟ್ರೆಬುಷೆ

ಹುಬ್ಬಳ್ಳಿಯವರ ಮಾತು ನಾನು ಒಪ್ಪಲ್ಲ. ತುಂಗೆದಡದವರು ಹೇಳಿದ್ದು ಪೂರ್ತಿ ಸರಿ, ನಾನು ಇನ್ನೊಂದು ಸೇರಿಸ್ತೀನಿ, ಕ್ಯಾಮರಾ. ಪೂರ್ತಿ ಹಿಂದಕ್ಕೆ ಎಳೆದ್ರೂ ಯಾರೋ ತಲೆ ಹಿಡ್ಕೊಂಡು ನೆಲಕ್ಕೆ ಬಗ್ಗಿಸಿದ ಹಂಗಿರುತ್ತೆ. ನಲವತ್ತು ನಲವತ್ತು ಜನ ಮುಖಾಮುಖಿ ಆದ್ರೆ ನಮ್ಮೋರ್ಯಾರು ಅವರೋರ್ಯಾರು ಅಂತ ಬಣ್ಣ ನೋಡಿ ಹುಡುಕ್ಬೇಕು. ಏಜ್ 2ರಲ್ಲಿ ನೆರಳು ನೋಡಿದ್ರೆ ಸಾಕು ಯಾವ ಸೈನಿಕ ಅಂತ ಹೇಳ್ಬಹುದು.

ಏಜ್ 2 ಡೆಫಿನಿಟಿವ್ ಎಡಿಷನ್ ಬಂದು ಆಟ ಹೊಸದೇ ಆಗಿದೆ, ವಾಪಸ್ ಬನ್ನಿ ಸರ್. 2022ರ ಏಪ್ರಿಲ್‌ನಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನೋ ಹೆಚ್ಚುವರಿ ಭಾಗ ಬಂತು, ಅದರಲ್ಲಿ ದ್ರಾವಿಡಿಯನ್ಸ್ ಅನ್ನೋ ಸಿವಿಲೈಸೇಷನ್ ಇದೆ. ನೈಟ್ ಕುದುರೆ ಇಲ್ವೇ ಇಲ್ಲ, ಅದು ದೊಡ್ಡ ಕಷ್ಟ, ಆದ್ರೆ ಪ್ರತಿ ಏಜಿಗೆ ಹೋದಾಗ 200 ಮರ ಪುಕ್ಕಟೆ ಸಿಗುತ್ತೆ, ಉರುಮಿ ಕತ್ತಿ ಬೀಸೋರು ಸಿಗ್ತಾರೆ, ಆನೆ ಮೇಲಿನ ಬಿಲ್ಲುಗಾರರು ಬೇಗ ಬೇಗ ಬಾಣ ಬಿಡ್ತಾರೆ. ರಾಜೇಂದ್ರ ಚೋಳನ ಕ್ಯಾಂಪೇನ್ ಇದೆ. ಇತಿಹಾಸದಲ್ಲಿ ನಮ್ಮ ಕಲ್ಯಾಣದ ಚಾಲುಕ್ಯ ಜಯಸಿಂಹನ ಮೇಲೆ ಯುದ್ಧಕ್ಕೆ ಬಂದವನೇ ಈ ರಾಜೇಂದ್ರ, ನಮ್ಮ ರಾಯಚೂರು ಕಡೆ ಮಸ್ಕಿ ಹತ್ರ ಆಗಿದ್ದು ಅಂತಾರೆ. ಅವನ ಕಡೆಯಿಂದ ಆಡೋಕೆ ಮೊದಲು ಕೈ ಬರ್ಲಿಲ್ಲ, ಆದ್ರೂ ಆಡಿದೆ. ಚಾಲುಕ್ಯರಿಗೆ, ಹೊಯ್ಸಳರಿಗೆ, ವಿಜಯನಗರಕ್ಕೆ ಅಂತ ಒಂದೊಂದು ಕ್ಯಾಂಪೇನ್ ಯಾವತ್ತು ಬರುತ್ತೋ ಅಂತ ಕಾಯ್ತಾ ಇದೀನಿ.

ಹಾಸನದ ಹುಡುಗಿ

ಇಬ್ಬರೂ ಜಗಳ ಆಡ್ಬೇಡಿ, ಎರಡು ಆಟ ಬೇರೆ ಬೇರೆ ಕೈಯಿಂದ ಬಂದಿದ್ದು. ಏಜ್ 2 ಮಾಡಿದ ಎನ್ಸೆಂಬಲ್ ಸ್ಟುಡಿಯೋಸ್ 2009ರಲ್ಲೇ ಮುಚ್ಚಿಹೋಯ್ತು. ಏಜ್ 4 ಮಾಡಿದ್ದು ರೆಲಿಕ್, ಅವರು ಅದಕ್ಕೂ ಮುಂಚೆ ಕಂಪನಿ ಆಫ್ ಹೀರೋಸ್ ಮಾಡಿದ್ದೋರು. ಆ ಆಟದಲ್ಲಿ ಗೋಡೆ ಮರೆ, ಹಳ್ಳದ ಮರೆ ಅಂತ ಜಾಗ ಹುಡುಕಿ ನಿಲ್ಲೋದೇ ಮುಖ್ಯ. ಕಾಡಲ್ಲಿ ಅಡಗೋದು, ಕಲ್ಲಿನ ಗೋಡೆ ಮೇಲೆ ಹತ್ತಿ ನಿಲ್ಲೋದು ಇದೆಲ್ಲಾ ಅವರ ಮನೆ ಅಡುಗೆ ಅನ್ಸುತ್ತೆ ನನಗೆ. ಅಮ್ಮನ ಸಾರಿನ ರುಚಿ ಅತ್ತೆ ಮನೇಲಿ ಹುಡುಕಿದ್ರೆ ಸಿಗಲ್ಲ, ಆದ್ರೆ ಅತ್ತೆ ಸಾರೂ ಚೆನ್ನಾಗೇ ಇರ್ಬಹುದು ಅಲ್ವಾ.

ದಿಲ್ಲಿ ಆಡಿ ಅಂದ್ರಲ್ಲ, ಅದರ ಬಗ್ಗೆ ನನ್ನದೊಂದು ಮಾತು. ನಮ್ಮೂರಿಂದ ಹಳೇಬೀಡು ಮೂವತ್ತು ಕಿಲೋಮೀಟರ್. 1311ರಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫರ್ ದ್ವಾರಸಮುದ್ರದ, ಅಂದ್ರೆ ಈಗಿನ ಹಳೇಬೀಡಿನ ಮೇಲೆ ಬಂದಿದ್ದು, ಮೂರನೇ ಬಲ್ಲಾಳ ಆಗ ರಾಜ. ಚಿಕ್ಕವಳಿದ್ದಾಗ ಶಾಲೆ ಟೂರ್‌ನಲ್ಲಿ ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆ ಮೇಲಿನ ಆನೆ ಸಾಲಿನ ಮೇಲೆ ಕೈಯಾಡಿಸ್ತಾ ಇಡೀ ಸುತ್ತು ಬಂದಿದ್ದೆ. ಆಟದಲ್ಲಿ ದಿಲ್ಲಿ ಕಡೆಯಿಂದ ನನ್ನ ಆನೆಗಳು ಎದುರಿನ ಊರಿಗೆ ನುಗ್ಗಿದಾಗ ಆ ಆನೆ ಸಾಲು ಕಣ್ಮುಂದೆ ಬಂತು, ಒಂದು ನಿಮಿಷ ಪಾಸ್ ಮಾಡಿದ್ದೆ. ಆಟ ಬಿಡಿ ಅಂತ ಹೇಳ್ತಿಲ್ಲ, ನಾನೂ ಈಗ್ಲೂ ದಿಲ್ಲೀನೇ ಆಡ್ತೀನಿ. ತುಂಗೆದಡದವರು ಅಳು ಬರ್ಲಿಲ್ಲ ಅಂದ್ರಲ್ಲ, ನನಗೆ ಬಂದಿದ್ದು ಇಲ್ಲೇ.

ತುಂಗೆದಡದವ

ಎಲ್ಲರಿಗೂ ಥ್ಯಾಂಕ್ಸ್, ನಿಧಾನವಾಗಿ ಎರಡೆರಡು ಸಲ ಓದ್ದೆ. ಹಾಸನದವರ ಮಾತು ಓದಿದ್ಮೇಲೆ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಅಣ್ಣ ಈಗ ಮಸ್ಕತ್‌ನಲ್ಲಿದಾನೆ, ಅವನಿಗೂ ಆಟ ತಗೊಳ್ಳೋಕೆ ಹೇಳಿ ನಿನ್ನೆ ರಾತ್ರಿ ಇಬ್ಬರೂ ಒಂದೇ ತಂಡವಾಗಿ ಕಂಪ್ಯೂಟರ್ ವಿರುದ್ಧ ಆಡಿದ್ವಿ, ನಾನು ದಿಲ್ಲಿ, ಅವನು ಇಂಗ್ಲಿಷ್. ಮೂರು ಸ್ಕಾಲರ್ ಒಳಗೆ, ಇಬ್ಬರು ಹೊರಗೆ, ಹುಬ್ಬಳ್ಳಿಯವರು ಹೇಳಿದ ಹಂಗೇ. ಅವನು ಮೊದಲನೇ ಐದು ನಿಮಿಷದಲ್ಲೇ ಕುದುರೆ ಎಡಕ್ಕೆ ಬಲಕ್ಕೆ ಓಡಿಸೋಕೆ ಹೋಗಿ, "ಲೋ ಇದೇನೋ ಬಾಣ ಹಿಂದೇನೇ ಬರ್ತಿದೆ" ಅಂತ ಕೂಗಿದ. ಒಂದರ್ಧ ಗಂಟೆ ಆದ್ಮೇಲೆ ನನ್ನ ಊರ ಮೇಲೆ ದಾಳಿ ಆಯ್ತು, ಕಾಲ್‌ನಲ್ಲಿ ಅವನು "ಎಚ್, ಎಚ್ ಒತ್ತೋ" ಅಂದ. ಇಪ್ಪತ್ತು ವರ್ಷ ಆದ್ಮೇಲೆ. ಅವನು ಹೇಳೋಕಿಂತ ಮುಂಚೆನೇ ನನ್ನ ಬೆರಳು ಅಲ್ಲಿತ್ತು.

ಗೌಡ್ರೇ, ದ್ರಾವಿಡಿಯನ್ಸ್ ಕೂಡ ಆಡ್ತೀನಿ, ಮುಂದಿನ ಸೇಲ್ ಬರ್ಲಿ. ಭಾನುವಾರ ರಾತ್ರಿ ಒಂಬತ್ತಕ್ಕೆ ಏಜ್ 4ರಲ್ಲಿ ನಾನೂ ಅಣ್ಣನೂ ಇರ್ತೀವಿ, ಇನ್ನಿಬ್ಬರು ಬೇಕು. ಹುಬ್ಬಳ್ಳಿಯವರು ಬರ್ತೀರಾ?